ಬಂಜರೆಂಬ ಚಳ್ಳೆಹಣ್ಣು

ಯಾರಾದರೂ ಕಣ್ಣಿಗೆ ಮಣ್ಣೆರಚಿ ಪಾರಾದರೆ ‘ಚಳ್ಳೆಹಣ್ಣು ತಿನ್ನಿಸಿ ಹೋದ’ ಎನ್ನುವುದು ನಮ್ಮ ವಾಡಿಕೆ. ಚಳ್ಳೆಯ ಹಣ್ಣು ನೋಡುವುದಕ್ಕೆ ಚೆಂದ; ಬಾಯಿಗೆ ಹಾಕಿಕೊಂಡರೆ ಒಳಗೆಲ್ಲ ಗೋಂದಿನಂಥ ಲೋಳೆ. ಚಳ್ಳಕೆರೆ ಎಂದಾಗಲೆಲ್ಲ ನನಗೆ ಆ ಮರ ನೆನಪಾಗುತ್ತದೆ. ಈ ಸೀಮೆಯ ನೆಲದ ವಿಷಯದಲ್ಲಿ ನಾವು ಬಹುಕಾಲದಿಂದ ತಿನ್ನುತ್ತ ಬಂದಿರುವುದೂ ಅದೇ ಹಣ್ಣನ್ನು. ಕಾಗದಪತ್ರದಲ್ಲಿ ಅದರ ಹೆಸರು ‘ಬಂಜರು’.

ಹಿರಿಯೂರಿನಿಂದ ಬಳ್ಳಾರಿಯ ಕಡೆಗೆ ಬಸ್ಸಿನಲ್ಲಿ ಹೋಗುವವರು ಚಳ್ಳಕೆರೆ ದಾಟಿದ ಮೇಲೆ ಸಾಮಾನ್ಯವಾಗಿ ಕಿಟಕಿಯ ಪರದೆ ಎಳೆದುಕೊಳ್ಳುತ್ತಾರೆ. ಬಿಸಿಲು, ಕೆಮ್ಮಣ್ಣು, ಜಾಲಿ, ದೂರದಲ್ಲಿ ಯಾರೋ ಪೇರಿಸಿಟ್ಟ ಹಾಗೆ ಕಾಣುವ ಬಂಡೆಗುಡ್ಡ. ನೋಡುವುದಕ್ಕೇನಿದೆ ಎಂಬ ಭಾವ. ಇಂಥದೇ ಬಂಡೆ, ಇಂಥದೇ ಮುಳ್ಳುಪೊದೆ, ಇಂಥದೇ ಆಡುಗಳನ್ನು ನೋಡಲು ಜನ ವಿಮಾನ ಹತ್ತಿ ಗ್ರೀಸ್ ದೇಶದ ದ್ವೀಪಗಳಿಗೆ ಹೋಗುತ್ತಾರೆ. ಅಥೆನ್ಸ್ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ ಸುಮಾರು 400 ಮಿ.ಮೀ. ಕರ್ನಾಟಕದ ಅತಿ ಒಣ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಗೆ ಸಿಗುವುದು ಅದಕ್ಕಿಂತ ತುಸುವೇ ಹೆಚ್ಚು. ಅಲ್ಲಿ ಚಳಿಗಾಲದ ಮಳೆ, ಇಲ್ಲಿ ಹೆಚ್ಚಾಗಿ ಉತ್ತರೆ, ಹಸ್ತ, ಚಿತ್ತೆಗಳ ಮಳೆ, ವ್ಯತ್ಯಾಸ ಅಷ್ಟೇ. ಅದು ‘ಪ್ರಕೃತಿ ಸೌಂದರ್ಯ’ ಆಯಿತು, ಇದು ‘ಬರದ ನಾಡು’ ಆಯಿತು. ಈ ಎರಡು ಹೆಸರುಗಳ ನಡುವೆ ಏನೇನು ಕಳೆದುಹೋಯಿತು, ಏನು ಉಳಿದಿದೆ ಎಂದು ಲೆಕ್ಕ ಹಾಕುವ ಪ್ರಯತ್ನ ಇದು.

ಬಂಡೆಯ ದ್ವೀಪಗಳು

ಮೊದಲು ಮೊಳಕಾಲ್ಮುರಿನಿಂದ ಹೊರಡೋಣ. ಹೆಸರಿನಲ್ಲೇ ಮೊಳಕಾಲು ಮುರಿದುಕೊಂಡಿರುವ ಊರು. ಸುತ್ತಲ ಗುಡ್ಡ ಹತ್ತಿ ಇಳಿದವರಿಗೆ ಆ ಹೆಸರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ರಾಮನಗರದಿಂದ ಹೊರಟು ಪಾವಗಡದ ಸೀಮೆ ಹಾದು ಹಂಪಿಯ ಕಡೆಗೆ ಸಾಗುವ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿ ಈ ಭಾಗವನ್ನೂ ಮುಟ್ಟುತ್ತದೆ. ಆ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಹಗಲ ಕಾವಿಗೆ ಹಿಗ್ಗಿ ಇರುಳ ತಂಪಿಗೆ ಕುಗ್ಗಿ, ಸಂದಿಗಳಲ್ಲಿ ನೀರಿಳಿದು, ಮೇಲಿನ ಪದರಗಳು ಈರುಳ್ಳಿಯ ಸಿಪ್ಪೆಯಂತೆ ಕಳಚಿ ಉಳಿದವೇ ಈ ಗುಂಡುಗಳು. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಲ್ಲುವ ಇಂಥ ಬೆಟ್ಟಕ್ಕೆ ಭೂವಿಜ್ಞಾನಿಗಳು ಬಳಸುವ ಜರ್ಮನ್ ಮಾತು ‘ಇನ್‌ಸೆಲ್‌ಬರ್ಗ್’, ಅಂದರೆ ದ್ವೀಪಬೆಟ್ಟ. ಸಮುದ್ರವಿಲ್ಲದ ಚಿತ್ರದುರ್ಗ ಜಿಲ್ಲೆಗೂ ದ್ವೀಪಗಳು ಹಾಗೆ ಸಲ್ಲುತ್ತವೆ.

ಈ ದ್ವೀಪಗಳ ಒಡೆಯ ಕರಡಿ. ಮೊಳಕಾಲ್ಮುರಿನ ನುಂಕೆಮಲೆಯಿಂದ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯವರೆಗೆ ಬಂಡೆಯ ಪೊಟರೆಗಳೇ ಅದರ ಮನೆ. ಹೊರಗೆ ಬಂಡೆ ಕಾದ ಹೆಂಚಾದಾಗಲೂ ಆ ಪೊಟರೆಗಳ ಒಳಗೆ ತಂಪು. ಕರಡಿಗೆ ಮೇಲ್ದವಡೆಯ ಮುಂಭಾಗದ ನಡುವಿನ ಎರಡು ಹಲ್ಲುಗಳಿರುವುದಿಲ್ಲ. ಉದ್ದನೆಯ ಉಗುರಿನಿಂದ ಹುತ್ತ ಬಗೆದು, ಮೂಗಿನ ಹೊಳ್ಳೆ ಮುಚ್ಚಿಕೊಂಡು, ಆ ಸಂದಿಯಿಂದ ಗೆದ್ದಲನ್ನು ಸೊರ್ರೆಂದು ಹೀರುತ್ತದೆ. ಗೆದ್ದಲು ಸಿಗದ ಕಾಲಕ್ಕೆ ಬಾರೆ, ಕವಳೆ, ಸೀತಾಫಲ, ಈಚಲ ಹಣ್ಣು. ತಿಂದ ಹಣ್ಣಿನ ಬೀಜವನ್ನು ಇನ್ನೊಂದು ಗುಡ್ಡದ ಬುಡದಲ್ಲಿ ಹಾಕಿ ಹೋಗುವ ಕರಡಿ ಈ ಕಲ್ಲುನಾಡಿನ ತೋಟಗಾರ. ಮರಿಗಳನ್ನು ಬೆನ್ನ ಮೇಲೆ ಹೊತ್ತು ಬಂಡೆ ಇಳಿಯುವ ತಾಯಿಯನ್ನು ಕಂಡವರು ಮತ್ತೆ ಅದನ್ನು ‘ಕಾಡುಪ್ರಾಣಿ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲಾರರು. ನಸುಕಿನಲ್ಲಿ ಹೊಲದ ಬದುವಿನಲ್ಲಿ ಅದಕ್ಕೆ ಎದುರಾಗಿ ಮುಖ, ತೋಳು ಹರಿಸಿಕೊಂಡ ರೈತರ ಪಾಡು ಬೇರೆ. ಎರಡೂ ನಿಜ, ಎರಡನ್ನೂ ಒಟ್ಟಿಗೇ ಹೇಳಬೇಕು.

ಕರಡಿಯಷ್ಟು ಹೆಸರು ಮಾಡದ ನಿವಾಸಿಗಳೂ ಇಲ್ಲಿದ್ದಾರೆ. ಬೆದೆಯ ಕಾಲದಲ್ಲಿ ಮೈಗೆ ಕೆಂಪು ಬಳಿದುಕೊಂಡು ಬಂಡೆಯ ಮೇಲೆ ತಲೆಯಾಡಿಸುವ ಓತಿ, ಕಲ್ಲಿನ ಬಣ್ಣದಲ್ಲೇ ಕರಗಿ ಕೂರುವ ಕೊಂಬಿನ ಗೂಬೆ, ಮುಳ್ಳುಹಂದಿ, ಉಡ, ಆಗಾಗ ಚಿರತೆ. ಉತ್ತರಕ್ಕಿರುವ ದರೋಜಿಯ ಗುಡ್ಡಗಳಲ್ಲಿ ಕಾಣಸಿಗುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಕಲ್ಲುಗಣಿಗೆ ಒಂದು ಗುಡ್ಡ ಕರಗಿದರೆ ಇಂಥ ಜೀವಿಗೆ ಪಕ್ಕದ ಹಸಿರುಕಾಡು ಬದಲಿಯಾಗದು.

ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಇನ್ನೊಂದು ಹಕ್ಕಿಯ ನೆನಪಿದೆ. ಸೀತೆಗಾಗಿ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂಬುದು ಸ್ಥಳಪುರಾಣ. ಹದ್ದಿಗೆ ಗುಡಿಯ ಮರ್ಯಾದೆ ಕೊಟ್ಟ ದೇಶದಲ್ಲೇ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ 1990ರ ದಶಕದಿಂದೀಚೆಗೆ ರಣಹದ್ದುಗಳ ಕುಲವನ್ನು ಬಹುಮಟ್ಟಿಗೆ ಒರೆಸಿಹಾಕಿತು. ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸುವ ಹೊತ್ತಿಗೆ 2006 ಬಂದಿತ್ತು. ಇದೇ ಬೆಟ್ಟದಲ್ಲೂ, ಹತ್ತಿರದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲೂ ಅಶೋಕನ ಬಂಡೆಶಾಸನಗಳಿವೆ, 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬರೆಸಿದ ಆ ಆಜ್ಞೆಯಲ್ಲಿ ತಂದೆತಾಯಿಯ ಮಾತು ಕೇಳುವುದು, ಸತ್ಯ ನುಡಿಯುವುದರ ಜೊತೆಗೆ ಪ್ರಾಣಿಗಳ ಬಗ್ಗೆ ದಯೆಯನ್ನು ದೃಢವಾಗಿ ಪಾಲಿಸಬೇಕೆಂಬ ಮಾತೂ ಇದೆ. ಸರ್ಕಾರದಿಂದ ಈ ಸೀಮೆಗೆ ಬಂದ, ಇಂದಿಗೂ ಓದಸಿಗುವ ಮೊದಲ ಸುತ್ತೋಲೆ ಅದು.

ಹುಲ್ಲಿನ ಕಡಲು

ಗುಡ್ಡಗಳು ದ್ವೀಪವಾದರೆ ನಡುವಿನ ಕಡಲು ಹುಲ್ಲು. ಬೇಸಿಗೆಯಲ್ಲಿ ನೋಡಿದವರಿಗೆ ಅದು ಸತ್ತಂತೆ ಕಾಣುತ್ತದೆ. ಹುಲ್ಲಿನ ಜೀವ ಇರುವುದು ಬೇರಿನಲ್ಲಿ. ಎರಡು ಹದ ಮಳೆ ಬಿದ್ದರೆ ವಾರದೊಳಗೆ ನೆಲ ಬಣ್ಣ ಬದಲಿಸುತ್ತದೆ. ಕರಡದ ಹುಲ್ಲಿನ ಬೀಜದ ಚಾಣಾಕ್ಷತನ ನೋಡಿ. ಅದರ ಬಾಲಕ್ಕೆ ತೇವ ತಾಗಿದರೆ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹಾಗೆ ತಿರುಗುತ್ತ ತಿರುಗುತ್ತ ಬೈರಿಗೆಯಂತೆ ನೆಲ ಕೊರೆದು ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ. ಕುರಿಯ ಉಣ್ಣೆಗೆ ಸಿಕ್ಕಿಕೊಂಡರೆ ಮೈಲಿಗಟ್ಟಲೆ ಪುಕ್ಕಟೆ ಪ್ರಯಾಣ.

ಇಂಥ ಬಯಲಿನ ಪ್ರಾಣಿಗಳಿಗೆ ಮರಕ್ಕಿಂತ ನೋಟ ಮುಖ್ಯ. ಕೃಷ್ಣಮೃಗ ಗಿಡ್ಡ ಹುಲ್ಲಿನ ಬಯಲನ್ನು ಹುಡುಕುತ್ತದೆ, ಏಕೆಂದರೆ ದೂರದಿಂದಲೇ ತೋಳವನ್ನು ಕಂಡರೆ ತಾನೆ ಓಡಲು ಸಾಧ್ಯ. ಗಂಟೆಗೆ 70–80 ಕಿ.ಮೀ. ವೇಗದಲ್ಲಿ ಓಡುವ ಕಾಲಿಗೆ ಪೊದೆ ಅಡ್ಡಬಂದರೆ ಅದೇ ಉರುಳು. ಗಂಡು ತನ್ನ ಸರಹದ್ದಿನಲ್ಲಿ ಕೊಂಬು ಹಿಂದಕ್ಕೆ ಬಾಗಿಸಿ ನಡೆಯುವ ಗತ್ತಿಗೂ ತೆರೆದ ರಂಗವೇ ಬೇಕು. ತೋಳ, ಬಯಲ ನರಿ, ಕತ್ತೆಕಿರುಬ, ಮೊಲ, ಗೌಜಲಕ್ಕಿ, ಬುರಲಿ, ನೆಲಗುಬ್ಬಿ, ಟಿಟ್ಟಿಭ ಎಲ್ಲ ಈ ಲೋಕದವು. ಚಳಿಗಾಲಕ್ಕೆ ಮಧ್ಯ ಏಷ್ಯಾದ ಹುಲ್ಲುಬಯಲುಗಳಿಂದ ಸೆಳೆವಗಳು ಬರುತ್ತವೆ. ಹಗಲೆಲ್ಲ ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತ ಮಿಡತೆ, ಇಲಿ ಹಿಡಿದು, ರಾತ್ರಿ ಹುಲ್ಲಿನ ನಡುವೆ ನೆಲದಲ್ಲೇ ಮಲಗುತ್ತವೆ. ನೆಲದ ಮೇಲೆ ಮೊಟ್ಟೆಯಿಡುವ, ನೆಲದ ಮೇಲೆ ಮಲಗುವ ಈ ಹಕ್ಕಿಗಳಿಗೆ ಉತ್ತ ಹೊಲ ಬೇರೆ, ಹುಲ್ಲುಗಾವಲು ಬೇರೆ.

ಈ ಬಳಗದ ಹಿರಿಯ ಎರೆಭೂತ. ದಖ್ಖನಿನ ಬಯಲುಗಳ ಈ ದೊಡ್ಡ ಹಕ್ಕಿ ಈಗ ಕರ್ನಾಟಕದಲ್ಲಿ ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಅದೂ ಬೆರಳೆಣಿಕೆಯಷ್ಟು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಅದು ಇತ್ತು, ಈಗಿಲ್ಲ. ಆ ಕಥೆಗೆ ಮತ್ತೆ ಬರುತ್ತೇನೆ.

ಕಾಯ್ದವರು

ಈ ಬಯಲು ತಾನಾಗಿ ಉಳಿದದ್ದಲ್ಲ, ಬಳಸಿ ಉಳಿಸಿದ್ದು. ಬಳ್ಳಾರಿ ಬಳಿಯ ಸಂಗನಕಲ್ಲು, ಕುಪ್ಪಗಲ್ಲು ಸೀಮೆಯ ಬೂದಿದಿಬ್ಬಗಳು ಹೊಸಶಿಲಾಯುಗದ ಜನ ಸಗಣಿಯ ರಾಶಿಯನ್ನು ಸುಟ್ಟು ಉಳಿಸಿಹೋದವು. ಬಂಡೆಗಳ ಮೇಲೆ ಅವರು ಕೆತ್ತಿದ್ದು ಹಿಣಿಲಿನ ಹೋರಿಗಳನ್ನು. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದಾಗಲೂ ಕಲ್ಲುಕೊಡಲಿಯ ಜನರ ನೆಲೆ, ಅದರ ಮೇಲೆ ಬೃಹತ್ ಶಿಲಾಗೋರಿಗಳ ಕಾಲದ ಪದರ ಕಂಡವು. ದನ ಇಲ್ಲಿ ಮೇಯುತ್ತಿರುವುದು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನಿಂದ. ‘ಕಾಡು ಕಡಿದು ಬಂಜರಾಯಿತು’ ಎಂಬ ಸುಲಭದ ಕಥೆ ಇಷ್ಟು ಹಳೆಯ ಹುಲ್ಲಿಗೆ ಒಪ್ಪುವುದಿಲ್ಲ.

ಮೈಸೂರು ಅರಸರ ಕಾಲದಲ್ಲಿ ಈ ಮೇವಿಗೆ ವ್ಯವಸ್ಥೆಯೇ ಬಂತು. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ‘ಅಮೃತಮಹಲ್’ ಎಂದು ಕರೆದ. ಫಿರಂಗಿ ಎಳೆಯುವ ಎತ್ತುಗಳ ತಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳಿಗೆ ‘ಕಾವಲು’ ಎಂದು ಹೆಸರು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು ಕಾವಲೆಂದು ಹಿಂಡುಗಳು ಸಾಗುತ್ತಿದ್ದವು. ಒಂದರಲ್ಲಿ ದನ ಮೇಯುವಾಗ ಇನ್ನೊಂದರ ಹುಲ್ಲು ಚೇತರಿಸಿಕೊಳ್ಳುತ್ತಿತ್ತು. ಹಾಗೆ ಕೃಷ್ಣಮೃಗಕ್ಕೂ ಪರೋಕ್ಷವಾಗಿ ಅರಮನೆಯ ರಕ್ಷಣೆ ಸಿಕ್ಕಿತು. ಲಕ್ಷಗಟ್ಟಲೆ ಎಕರೆ ಇದ್ದ ಕಾವಲುಗಳು ಕರಗುತ್ತ ಬಂದು ಇಂದು ಉಳಿದಿರುವುದು ಅವುಗಳ ಚೂರುಪಾರು.

ಅರಮನೆಗಿಂತ ಹೆಚ್ಚು ಕಾಲ ಕಾಯ್ದವರು ಇಲ್ಲಿಯ ಬುಡಕಟ್ಟುಗಳು. ಮ್ಯಾಸನಾಯಕರಿಗೆ ‘ದೇವರ ಎತ್ತು’ಗಳಿವೆ. ದೇವರಿಗೆ ಬಿಟ್ಟ ಆ ಹಿಂಡನ್ನು ಮಾರುವಂತಿಲ್ಲ, ಉಳುಮೆಗೆ ಹೂಡುವಂತಿಲ್ಲ. ಕಿಲಾರಿಗಳು ಅವನ್ನು ಅಡವಿಯಲ್ಲಿ ಮೇಯಿಸಿಕೊಂಡೇ ಬಾಳುತ್ತಾರೆ. ನನ್ನಿವಾಳದಂಥ ಕಟ್ಟೆಮನೆಗಳ, ಅಂದರೆ ಕುಲದ ಆಡಳಿತದ ನೆಲೆಗಳ, ಕಟ್ಟುಕಟ್ಟಳೆಯೆಲ್ಲ ಈ ಎತ್ತುಗಳ ಸುತ್ತ ಹೆಣೆದುಕೊಂಡಿದೆ. ಅವರ ಕುಲವೀರರಲ್ಲಿ ಗಾದರಿ ಪಾಲನಾಯಕನಂಥ ಪಶುಪಾಲಕರಿದ್ದಾರೆ. ಕಾಡುಗೊಲ್ಲರಿಗೆ ಜುಂಜಪ್ಪ, ಎತ್ತಪ್ಪರಿದ್ದಾರೆ. ಹಟ್ಟಿಯ ಸುತ್ತ ಮುಳ್ಳಿನ ಬೇಲಿಯಿದೆ. ಚಳ್ಳಕೆರೆ ತಾಲ್ಲೂಕಿನ ಕ್ಯಾತಪ್ಪನ ಜಾತ್ರೆಯಲ್ಲಿ ಬಾರೆಮುಳ್ಳಿನಿಂದಲೇ ಗುಡಿ ಕಟ್ಟಿ, ಬರಿಗಾಲಲ್ಲಿ ಆ ಮುಳ್ಳು ಹತ್ತಿ ಕಳಸ ಕೀಳುತ್ತಾರೆ. ಮುಳ್ಳನ್ನು ಶಾಪವೆಂದು ಬಗೆಯುವ ಜನ ಅದರಿಂದ ದೇವರಿಗೆ ಗುಡಿ ಕಟ್ಟುವುದಿಲ್ಲ. ಕುರುಬರ ಕುರಿಯಿಂದ ಚಳ್ಳಕೆರೆಯ ಕರಿಕಂಬಳಿ ಬಂತು. ಹುಣಸೆಬೀಜದ ಗಂಜಿ ಹಾಕಿ ಬಿರುಸು ಮಾಡಿದ ಆ ಕಂಬಳಿಯನ್ನು ಒಂದು ಬಗೆಯಲ್ಲಿ ಹುಲ್ಲಿನ ನೇಯ್ಗೆಯೆಂದೇ ಹೇಳಬೇಕು.

ನೀರಿನ ಕಡೆಯಿಂದಲೂ ಇದೇ ಮಾತು. ನಾಯಕನಹಟ್ಟಿಯ ತಿಪ್ಪೇಸ್ವಾಮಿಯನ್ನು ಜನ ನೆನೆಯುವುದು ಪವಾಡಕ್ಕಷ್ಟೇ ಅಲ್ಲ, ಕಟ್ಟಿಸಿದ ಕೆರೆಗಳಿಗೂ. ವೇದಾವತಿ ವರ್ಷದಲ್ಲಿ ಬಹುಕಾಲ ಮರಳಾಗಿ ಮಲಗಿರುವ ಹೊಳೆ. 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ; ಅಷ್ಟು ಅಪರೂಪದ ನೀರು. ಇಂಥಲ್ಲಿ ನೆಲ ಉತ್ತವನಿಗಿಂತ ಹಿಂಡಿನ ಹಿಂದೆ ನಡೆದವನ ಬದುಕು ಭದ್ರವಾಗಿತ್ತು. ಮಳೆ ಬಿದ್ದ ಕಡೆಗೆ ಹೊಲ ನಡೆದು ಹೋಗದು, ಕುರಿ ಹೋಗುತ್ತದೆ.

ಗೋಡೆ ಎದ್ದ ಮೇಲೆ

2008ರಿಂದ 2010ರ ನಡುವೆ ಖುದಾಪುರ, ಉಳ್ಳಾರ್ತಿ, ವರವು ಕಾವಲುಗಳಲ್ಲಿ ಸುಮಾರು 10,000 ಎಕರೆ ಕೈಬದಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣುಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಉಳಿದದ್ದರಲ್ಲಿ ಸೌರವಿದ್ಯುತ್ತಿನ ಖಾಸಗಿ ಯೋಜನೆಯೂ ಸೇರಿತ್ತು. ಸುತ್ತಲ ಹಳ್ಳಿಗಳವರಿಗೆ ವಿಷಯ ಸರಿಯಾಗಿ ಅರಿವಾದದ್ದು ಗೋಡೆ ಏಳತೊಡಗಿದಾಗ. ಗ್ರಾಮಸ್ಥರು ಬೀದಿಗಿಳಿದರು; ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಪರಿಸರ ಸಂಸ್ಥೆ ಮತ್ತು ಅದರ ಲಿಯೋ ಸಲ್ಡಾನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದರು. 2014ರ ಆಗಸ್ಟಿನಲ್ಲಿ ಆದೇಶ ಬಂತು, ಯೋಜನೆಗಳು ಮುಂದುವರಿದವು. 2017ರಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಚಂದ್ರಯಾನದ ಇಳಿಯುವ ನೌಕೆಯ ಸಂವೇದಕಗಳನ್ನು ಪರೀಕ್ಷಿಸಲು ಉಳ್ಳಾರ್ತಿಯ ನೆಲದಲ್ಲಿ ಚಂದ್ರನ ಕುಳಿಗಳ ಮಾದರಿ ತೋಡಿದರು. ಇಸ್ರೋದ ಮರುಬಳಕೆಯ ರೆಕ್ಕೆವಾಹನ 2023ರ ಏಪ್ರಿಲ್ 2ರಂದು ಮೊದಲ ಸಲ ತಾನಾಗಿಯೇ ಇಳಿದದ್ದೂ ಇಲ್ಲಿಯ ರನ್‌ವೇ ಮೇಲೆ.

ಈ ಸಾಧನೆಗಳನ್ನು ಹಗುರವಾಗಿ ಕಾಣುವವನು ನಾನಲ್ಲ. ದೇಶಕ್ಕೆ ಪರೀಕ್ಷಾ ವಲಯ ಬೇಕು, ಅದಕ್ಕೆ ಎಲ್ಲಾದರೂ ನೆಲ ಬೇಕು, ಜನವಸತಿ ಎಬ್ಬಿಸದೆ ಸಿಗುವ ನೆಲ ಬೇಕು ಎಂಬ ವಾದದಲ್ಲಿ ಹುರುಳಿದೆ. ನನಗೆ ಚುಚ್ಚುವ ಸಂಗತಿ ಬೇರೆ. ಸಮತಟ್ಟು, ಮರಗಳಿಲ್ಲದ, ದಿಗಂತದವರೆಗೆ ಕಣ್ಣು ಹರಿಯುವ ಬಯಲು: ಕೃಷ್ಣಮೃಗಕ್ಕೆ ಬೇಕಾದ್ದೂ ಅದೇ, ವಿಮಾನಕ್ಕೆ ಬೇಕಾದ್ದೂ ಅದೇ. ಆ ಗುಣವನ್ನು ವಿಮಾನದ ಲೆಕ್ಕದಲ್ಲಿ ‘ಅರ್ಹತೆ’ ಎಂದು ಬರೆದವರು ಜಿಂಕೆಯ, ಕುರಿಯ ಲೆಕ್ಕದಲ್ಲಿ ‘ಖಾಲಿ’ ಎಂದು ಬರೆದರು. ಹಿಂದೆ ದನಕ್ಕಾಗಿ ಹುಲ್ಲನ್ನು ಕಾಯುತ್ತಿದ್ದ ಕಾವಲು ಈಗ ದನದಿಂದ ಹುಲ್ಲನ್ನು ಕಾಯುತ್ತಿದೆ.

ಗಿಡ ನೆಡುವ ಪುಣ್ಯ

ಗೋಡೆ ಕಣ್ಣಿಗೆ ಕಾಣುತ್ತದೆ; ಕಾಣದ ಹಾನಿಗಳು ಇನ್ನೂ ಇವೆ. ಒಂದು, ಒಳ್ಳೆಯ ಮನಸ್ಸಿನಿಂದ ನೆಡುವ ಗಿಡ. ‘ಬರಡು ನೆಲವನ್ನು ಹಸಿರಾಗಿಸುವ’ ಉತ್ಸಾಹದಲ್ಲಿ ಹುಲ್ಲುಗಾವಲಿನಲ್ಲಿ ಗುಂಡಿ ತೋಡಿ ನೀಲಗಿರಿ, ಅಕೇಶಿಯ ನೆಟ್ಟರೆ ಬಯಲಿನ ಜೀವಿಗಳಿಗೆ ಅದು ಕಾಡು ಕಡಿದಷ್ಟೇ ಕೇಡು. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಅಭಯಾರಣ್ಯದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿತು. ಕೃಷ್ಣಮೃಗಗಳು ಅಂಚಿನ ಹೊಲಗಳಿಗೆ ಇಳಿದವು, ಎರೆಭೂತ ಕಣ್ಮರೆಯಾಯಿತು. ಅಭಯಾರಣ್ಯವೆಂಬ ಹಲಗೆ ಉಳಿದೂ ಬಯಲು ಉಳಿಯದ ಉದಾಹರಣೆ ಅದು.

ಎರಡು, ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಸೌದೆಗೆಂದು ತಂದ ಈ ಗಿಡ ಕೆರೆಯಂಗಳ, ಗೋಮಾಳ, ಹಳ್ಳದ ದಂಡೆಗಳನ್ನೆಲ್ಲ ನುಂಗಿದೆ. ಬಡವರಿಗೆ ಸೌದೆ, ಇದ್ದಿಲು ಕೊಟ್ಟದ್ದೂ ಅದೇ ಆದ್ದರಿಂದ ಬರಿಯ ಬೈಗುಳ ಸಲ್ಲದು. ಆದರೆ ಅದರಡಿಯಲ್ಲಿ ಹುಲ್ಲು ಚಿಗುರದು, ಅದರ ಪೊದೆಯಲ್ಲಿ ಕೃಷ್ಣಮೃಗ ಓಡಲಾರದು. ಸಿಹಿಯಾದ ಕಾಯಿ ತಿಂದ ದನ, ಕುರಿಗಳೇ ಸಗಣಿ, ಹಿಕ್ಕೆಯಲ್ಲಿ ಅದರ ಬೀಜ ಬಿತ್ತುವುದರಿಂದ ಕಡಿದಷ್ಟೂ ಹಬ್ಬುತ್ತದೆ.

ಮೂರು, ಶೇಂಗಾ. ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಹೆಸರು ತಂದ ಬೆಳೆ. ಸಾಲು ಸಾಲು ಗಾಣ, ಗಿರಣಿಗಳ ವೈಭವ ಅದರದು. ಸಾವೆ, ನವಣೆ, ಹುರುಳಿಯ ಬೆರಕೆ ಹೊಲಗಳೂ ಗೋಮಾಳದ ಅಂಚುಗಳೂ ಅದಕ್ಕೆ ಜಾಗ ಬಿಟ್ಟುಕೊಟ್ಟವು. ಮಳೆ ಕೈಕೊಟ್ಟು ಬೆಳೆ ಒಣಗಿದ ವರ್ಷ ರೈತನಿಗೆ ಶೇಂಗಾವೂ ಇಲ್ಲ, ಮೇವೂ ಇಲ್ಲ. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟ್ ಸೌರಪಾರ್ಕು ಇದರ ಮುಂದಿನ ಅಧ್ಯಾಯ. ಬಿಸಿಲೇ ಬೆಳೆಯಾದರೆ ರೈತನಿಗೆ ಗುತ್ತಿಗೆ ಹಣವುಂಟು. ಭೂಮಿಯಿಲ್ಲದ ಕುರಿಗಾಹಿಗೆ ಯಾವ ಬಾಬ್ತಿನಲ್ಲೂ ಹಣವಿಲ್ಲ.

ಈ ಮೂರಕ್ಕೂ ಬೇರು ಒಂದೇ. ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಡಿಗೆ ಕಲಂ ಇದೆ, ಹೊಲಕ್ಕೆ ಇದೆ, ಬಯಲಿಗೆ ಇಲ್ಲ. 2022ರ ಸುಮಾರಿಗೆ ಪರಿಸರ ವಿಜ್ಞಾನಿಗಳಾದ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರಗಳಿಂದ ದೇಶದ ತೆರೆದ ನೈಸರ್ಗಿಕ ಬಯಲುಗಳ ನಕ್ಷೆ ಮಾಡಿದಾಗ ಅವು ಸುಮಾರು 3 ಲಕ್ಷ ಚದರ ಕಿ.ಮೀ. ಎಂದು ಕಂಡಿತು, ಅದರಲ್ಲಿ ರಕ್ಷಿತ ಪ್ರದೇಶಗಳೊಳಗೆ ಇರುವುದು ಶೇ 5ಕ್ಕಿಂತ ಕಡಿಮೆ.

ಉಳಿದ ದಾರಿಗಳು

ರಕ್ಷಣೆಯ ಪ್ರಯತ್ನಗಳು ಸುತ್ತಮುತ್ತ ನಡೆದೇ ಇವೆ. ದರೋಜಿಯ ಕರಡಿಧಾಮ 1994ರದು, ಗುಡೇಕೋಟೆಯದು 2013ರದು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ 2011ರಿಂದ ಕೊಂಡುಕುರಿಗೆಂದೇ ವನ್ಯಧಾಮವಿದೆ. ಚಿತ್ರದುರ್ಗದ ಪಕ್ಕದಲ್ಲಿ ಜೋಗಿಮಟ್ಟಿಯಿದೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೂ ಒಂದು ಪುಟ್ಟ ಧಾಮ ಸಿಕ್ಕಿದೆ. ಪಟ್ಟಿಯನ್ನು ಮತ್ತೊಮ್ಮೆ ನೋಡಿ: ಹೆಚ್ಚಿನವು ಗುಡ್ಡ. ನಡುವಿನ ಕಡಲಿಗೆ, ಅಂದರೆ ಚಳ್ಳಕೆರೆಯ ಹುಲ್ಲಿಗೆ, ಇಂಥ ಹೆಸರಿಲ್ಲ. ಜೀವವಿಜ್ಞಾನಿಗಳಾದ ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ 1967ರಲ್ಲಿ ದ್ವೀಪಗಳ ಬಗ್ಗೆ ಒಂದು ಸಿದ್ಧಾಂತ ಮಂಡಿಸಿದರು. ದ್ವೀಪ ಸಣ್ಣದಾದಷ್ಟೂ, ಒಂಟಿಯಾದಷ್ಟೂ ಅದರಲ್ಲಿ ಉಳಿಯುವ ಜೀವಜಾತಿಗಳು ಕಡಿಮೆ. ಸಮುದ್ರದ ದ್ವೀಪಕ್ಕೆ ಹೇಳಿದ ಈ ಮಾತು ಹೊಲ, ರಸ್ತೆ, ಗೋಡೆಗಳ ನಡುವೆ ಸಿಕ್ಕ ಹುಲ್ಲಿನ ತುಂಡಿಗೂ ನುಂಕೆಮಲೆಯ ಕರಡಿಗೂ ಹೊಂದುತ್ತದೆ. ಗುಡ್ಡದಿಂದ ಗುಡ್ಡಕ್ಕೆ ಹಳ್ಳ, ಬದು, ಗೋಮಾಳಗಳ ದಾರಿ ಉಳಿಯದಿದ್ದರೆ ಧಾಮಗಳು ಚೆಂದದ ಸೆರೆಮನೆಗಳಾಗುತ್ತವೆ.

ಗ್ರೀಸಿನ ಕ್ರೀಟ್ ದ್ವೀಪದಿಂದ ಇಲ್ಲಿ ಒಂದು ಪಾಠವಿದೆ. ಅಲ್ಲಿಯ ಕಾಡಾಡು ಕ್ರಿ–ಕ್ರಿಯನ್ನು ಉಳಿಸಲು 1962ರಲ್ಲಿ ಸಮಾರಿಯಾ ಕಣಿವೆಯನ್ನು ರಾಷ್ಟ್ರೀಯ ಉದ್ಯಾನ ಮಾಡಿದರು. ಆದರೆ ದ್ವೀಪಗಳಲ್ಲೇ ಅತಿ ದೊಡ್ಡದೆನ್ನುವ ರಣಹದ್ದುಗಳ ಬಳಗ ಆ ದ್ವೀಪದಲ್ಲಿ ಉಳಿದದ್ದು ಬೇಲಿಯಿಂದಲ್ಲ; ಬೆಟ್ಟಗಳಲ್ಲಿ ಇನ್ನೂ ಕುರಿಗಾಹಿಗಳಿರುವುದರಿಂದ, ಸತ್ತ ಕುರಿ, ಆಡು ಹದ್ದಿಗೆ ಸಿಗುವುದರಿಂದ. ಕುರಿಗಾಹಿಯನ್ನು ಹೊರಗೆ ಹಾಕಿ ನಿಸರ್ಗವನ್ನು ಒಳಗೆ ಇಡುವ ಉಪಾಯ ಹಸಿಕಾಡಿಗೆ ಒಪ್ಪಬಹುದು, ಮೇದು ಬೆಳೆದ ಬಯಲಿಗೆ ಒಪ್ಪದು. ಮೇಯದ ಹುಲ್ಲು ಕೆಲವೇ ವರ್ಷಗಳಲ್ಲಿ ಒಣಕಡ್ಡಿಯಾಗಿ, ಪೊದೆ ಬೆಳೆದು, ಬೆಂಕಿಗೆ ಸೌದೆಯಾಗುತ್ತದೆ. ಮಿತಿಮೀರಿ ಮೇದರೂ ನೆಲ ಬೆತ್ತಲಾಗುತ್ತದೆ. ಹಳೆಯ ಕಾವಲುಗಳ ಸರದಿ ಪದ್ಧತಿ ಈ ಎರಡರ ನಡುವಿನ ಹದವನ್ನು ಬಲ್ಲುದಾಗಿತ್ತು.

ಆದ್ದರಿಂದ ಕೇಳಬೇಕಾದ್ದು ದೊಡ್ಡದೇನಲ್ಲ. ಉಳಿದ ಕಾವಲು, ಗೋಮಾಳಗಳನ್ನು ಅಳೆದು, ಅವನ್ನು ‘ಬಂಜರು’ ಪಟ್ಟಿಯಿಂದ ಬಿಡಿಸಿ ಹುಲ್ಲುಗಾವಲು ಎಂದೇ ದಾಖಲಿಸುವುದು. ಅಲ್ಲಿ ಮರ ನೆಡದೆ ಬಳ್ಳಾರಿ ಜಾಲಿಯನ್ನು ಬೇರುಸಮೇತ ತೆಗೆಯುವ ಕೂಲಿ ಕೊಡುವುದು. 2006ರ ಅರಣ್ಯ ಹಕ್ಕು ಕಾಯ್ದೆ ಪಶುಪಾಲಕರಿಗೆ ಒಪ್ಪಿಕೊಂಡಿರುವ ಮೇವಿನ ಹಕ್ಕನ್ನು ಕಟ್ಟೆಮನೆ, ಹಟ್ಟಿಗಳಿಗೆ ಮುಟ್ಟಿಸುವುದು. ಗೋಡೆಯೊಳಗಿನ ಸಂಸ್ಥೆಗಳು ಬರದ ತಿಂಗಳುಗಳಲ್ಲಿ ಒಂದು ಬಾಗಿಲು ತೆರೆಯುವುದು, ಹಾಗೂ ಒಳಗಿನ ಬಯಲನ್ನು ಬಯಲಾಗಿಯೇ ಬಿಡುವುದು. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಆ ಘೋಷಣೆಯನ್ನು ಓದಿ ಹೇಳಲು ಚಳ್ಳಕೆರೆಗಿಂತ ತಕ್ಕ ಊರು ಕರ್ನಾಟಕದಲ್ಲಿ ಕಡಿಮೆ.

ಬರದ ವರ್ಷಗಳಲ್ಲಿ ದೇವರ ಎತ್ತುಗಳಿಗೆ ದಾನಿಗಳು ಲಾರಿಯಲ್ಲಿ ಮೇವು ಕಳಿಸುತ್ತಾರೆ. ದೊಡ್ಡ ಮನಸ್ಸಿನ ಕೆಲಸ, ಎತ್ತುಗಳು ಬದುಕುತ್ತವೆ. ಆದರೆ ಆ ಹಿಂಡಿನ ಹಿಂದೆ ಹೋಗುತ್ತಿದ್ದ ಕಿಲಾರಿಗೆ ಯಾವ ಹುಲ್ಲು ಯಾವ ಮಳೆಗೆ ಚಿಗುರುತ್ತದೆ, ಯಾವ ಹಳ್ಳದಲ್ಲಿ ಬೇಸಿಗೆಯ ಒರತೆ ಇದೆ ಎಂದು ಗೊತ್ತಿತ್ತು. ಕಟ್ಟಿಹಾಕಿದ ಎತ್ತಿನ ಮುಂದೆ ನಿಂತು ಅದನ್ನು ಮಗನಿಗೆ ಕಲಿಸಲಾಗದು. ದೇವರಿಗೆ ಎತ್ತು ಬಿಟ್ಟವರು ಆ ಎತ್ತಿಗೆ ಅಡವಿಯನ್ನೂ ಬಿಟ್ಟಿದ್ದರು. ಮೊದಲನೆಯದು ಇನ್ನೂ ಇದೆ.